ಅಪ್‌ಡೇಟ್: 120 ಹರ್ಟ್ಜ್ ಫೋನ್‌ನಲ್ಲಿ ಗೇಮ್ ದುಪ್ಪಟ್ಟು ವೇಗ, ಬಗೆಹರಿಯಿತು

ಇನ್‌ಸ್ಟಾಲ್ ಮಾಡಬಹುದಾದ ನನ್ನ ವೆಬ್ ಗೇಮ್ 60 ಹರ್ಟ್ಜ್ (ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುವ) ಪರದೆಯಲ್ಲಿ ಸರಿಯಿದ್ದು, 120ರಲ್ಲಿ ದುಪ್ಪಟ್ಟು ವೇಗದಲ್ಲಿ ಓಡುತ್ತದೆ, ಏಕೆ ಎಂದು ಹಿಂದೆ ಪ್ರಶ್ನೆ ಹಾಕಿದ್ದೆ. ರಿಕ್ವೆಸ್ಟ್ ಅನಿಮೇಷನ್ ಫ್ರೇಮ್ (ಪ್ರತಿ ಚಿತ್ರಕ್ಕೂ ಮುನ್ನ ನಮ್ಮ ಕೋಡ್ ಅನ್ನು ಕರೆಯುವ ಬ್ರೌಸರ್ ಸೌಲಭ್ಯ) ಪರದೆಯ ರಿಫ್ರೆಶ್ ದರವನ್ನೇ ಅನುಸರಿಸುತ್ತದೆ. ಪ್ರತಿ ಕರೆಗೂ ಪಾತ್ರ 4 ಪಿಕ್ಸೆಲ್ ಸರಿಯುತ್ತಿತ್ತು, ಹಾಗಾಗಿ 120ರಲ್ಲಿ ದುಪ್ಪಟ್ಟು ದೂರ.

ಈಗ ಕಳೆದ ಸಮಯವನ್ನು ಕೂಡಿಡುತ್ತಾ, 16.67 ಮಿಲಿಸೆಕೆಂಡ್ ತುಂಬಿದಾಗಲೆಲ್ಲ ಒಂದು ಫಿಸಿಕ್ಸ್ ಹೆಜ್ಜೆ (ಪಾತ್ರದ ಚಲನೆಯ ಒಂದು ಲೆಕ್ಕ). ವೇಗವನ್ನು ಡೆಲ್ಟಾದಿಂದ (ಎರಡು ಫ್ರೇಮ್‌ಗಳ ನಡುವೆ ಕಳೆದ ಸಮಯ) ಗುಣಿಸಿಬಿಡುವುದು ಸುಲಭ, ಆದರೆ ಜಿಗಿತದ ಎತ್ತರ ಫ್ರೇಮ್ ದರದ ಜೊತೆ ಬದಲಾಗುತ್ತದೆ. ಡೆಲ್ಟಾಗೆ 250 ಮಿಲಿಸೆಕೆಂಡ್ ಮಿತಿ ಹಾಕಲೇಬೇಕು: ಇಲ್ಲದಿದ್ದರೆ, ಆ್ಯಪ್ 30 ಸೆಕೆಂಡ್ ಹಿನ್ನೆಲೆಯಲ್ಲಿದ್ದು ಮರಳಿದರೆ ಸುಮಾರು 1,800 ಹೆಜ್ಜೆಗಳು ಒಮ್ಮೆಲೇ ಓಡಿ ಪರದೆ ಸ್ತಬ್ಧವಾಗುತ್ತದೆ.

ಪಾತ್ರದ ಹಿಂದಿನ ಮತ್ತು ಈಗಿನ ಸ್ಥಾನಗಳ ನಡುವೆ ಇಂಟರ್‌ಪೋಲೇಟ್ ಮಾಡಿ (ನಡುವಿನ ಸ್ಥಾನ ಲೆಕ್ಕಹಾಕಿ) ಚಿತ್ರಿಸಿದ್ದರಿಂದ ಚಲನೆ ನುಣುಪಾಗಿದೆ. ಅದಕ್ಕೆ ತೆರಬೇಕಾದದ್ದು ಒಂದು ಹೆಜ್ಜೆಯವರೆಗಿನ ವಿಳಂಬ. ನೆಗೆದು ಓಡುವ ಪ್ಲಾಟ್‌ಫಾರ್ಮರ್ ಗೇಮ್‌ಗೆ ಇದು ನಡೆಯುತ್ತದೆ. ತಾಳಕ್ಕೆ ತಕ್ಕಂತೆ ಒತ್ತಬೇಕಾದ ರಿದಮ್ ಗೇಮ್‌ಗೆ ನಾನಂತೂ ಒಪ್ಪುವುದಿಲ್ಲ.