ಮನೆಯೊಳಗೆ ಸಿಗ್ನಲ್ ಇಲ್ಲ: ಬೂಸ್ಟರ್ ಹಾಕಿಸಿದವರು, ಆಂಟೆನಾ ಕಟ್ಟಿದವರು ಅನುಭವ ಹೇಳಿ

ಒಂಟಿಕಡ್ಡಿ
ತಾರಸಿಗೆ ಹೋದರೆ ಮೂರು ಕಡ್ಡಿ, ಕೆಳಗೆ ಮನೆಯೊಳಗೆ ಸೊನ್ನೆ. ಫೋನ್ ಬಂದರೆ ಕಿಟಕಿಗೆ ಓಡಬೇಕು, ಅಲ್ಲೂ ನಮ್ಮ ಅರ್ಧ ಮಾತು ಆ ಕಡೆಯವರಿಗೆ ಕೇಳಲ್ಲ. ಬ್ರಾಡ್‌ಬ್ಯಾಂಡ್ ಇಲ್ಲ. ಬೇಕಿರೋದು ಕರೆ, ಇಂಟರ್ನೆಟ್ ಅಷ್ಟಕ್ಕಷ್ಟೆ. ಸಿಗ್ನಲ್ ಹಿಗ್ಗಿಸೋ ಬೂಸ್ಟರ್ ಡಬ್ಬ ತಗೊಳ್ಳೋದಾ, ಆಂಟೆನಾ ಕಟ್ಟಿಸೋದಾ? ಮಾಡಿಸಿದವರು ಹೇಳಿ.

ತಾರಸಿವಾಸಿ
ಬೂಸ್ಟರ್ ಅಂದರೆ ಇವತ್ತಿಗೂ ಮೈ ಉರಿಯುತ್ತೆ. ಡಬ್ಬದ ಮೇಲೆ 70 ಡಿಬಿ ಗೇನ್ (ಸಿಗ್ನಲ್ ಎಷ್ಟು ಹಿಗ್ಗಿಸುತ್ತೆ ಅನ್ನೋ ಡೆಸಿಬೆಲ್ ಲೆಕ್ಕ) ಅಂತ ದಪ್ಪಕ್ಷರ. ಹಾಕೋಕೆ ಬಂದ ಹುಡುಗ ಒಂದು ಆಂಟೆನಾ ತಾರಸಿಯಲ್ಲಿಟ್ಟ, ಇನ್ನೊಂದು ಅದರ ನೇರ ಕೆಳಗೆ ರೂಮಿನಲ್ಲಿ. ಮಧ್ಯೆ ಒಂದೇ ಸ್ಲ್ಯಾಬ್. ಆನ್ ಮಾಡಿದ್ದೇ ತಡ, ಕೆಂಪು ದೀಪ. ಮೈಕನ್ನ ಸ್ಪೀಕರ್ ಎದುರು ಹಿಡಿದರೆ ಕುಂಯ್ ಅನ್ನುತ್ತಲ್ಲ, ಅದೇ ಕಥೆ. ಗೇನ್ 70 ಇದ್ದರೆ ಎರಡು ಆಂಟೆನಾಗಳ ನಡುವಿನ ಐಸೊಲೇಶನ್ (ಒಂದರ ಸಿಗ್ನಲ್ ಇನ್ನೊಂದಕ್ಕೆ ಸೋರದ ಹಾಗಿರೋ ತಡೆ) ಅದಕ್ಕಿಂತ ಹತ್ತಾದರೂ ಡಿಬಿ ಜಾಸ್ತಿ ಇರಬೇಕು, ಇಲ್ಲಾಂದ್ರೆ ಡಬ್ಬ ತಾನೇ ಗೇನ್ ಇಳಿಸಿಕೊಂಡು ಕೂರುತ್ತೆ. ಸರಿ, ದೂರ ಇಡೋಣ ಅಂದರೆ ಕೇಬಲ್ ಉದ್ದ ಬೇಕು. ಉದ್ದ ಆದರೆ ದಪ್ಪದ್ದೇ ಬೇಕು. ದಪ್ಪದ್ದರ ತುದಿಗೆ ಎನ್ ಕನೆಕ್ಟರ್ ಅನ್ನೋ ಜೋಡಣೆ, ಅದನ್ನ ಅದುಮಿ ಕೂರಿಸೋಕೆ (ಕ್ರಿಂಪ್) ಬೇರೆ ಆಳು. ಆಮೇಲೆ ಪೈಪು, ಕ್ಲಾಂಪು, ಗೋಡೆ ಕೊರೆದ ಕೂಲಿ, ತಪ್ಪು ಜಾಗದಲ್ಲಿ ಕೊರೆದ ತೂತು ಮುಚ್ಚಿದ ಕೂಲಿ, ಅದರ ಮೇಲೆ ಬಣ್ಣ. ಎಲ್ಲ ಕೂಡಿದರೆ ಡಬ್ಬದ ಬೆಲೆಯನ್ನೇ ಮೀರಿತ್ತು. ಇಷ್ಟೆಲ್ಲ ಆದ ಮೇಲೆ ಗೊತ್ತಾಗಿದ್ದು, ಡಬ್ಬ ಕೆಲಸ ಮಾಡೋದು 900 ಮತ್ತು 1800 ಮೆಗಾಹರ್ಟ್ಝ್ ಬ್ಯಾಂಡಿನಲ್ಲಿ (ನೆಟ್‌ವರ್ಕ್ ಬಳಸೋ ತರಂಗದ ಪಟ್ಟಿ), ನನ್ನ ಸಿಮ್‌ಗೆ 4ಜಿ ಬರ್ತಿದ್ದದ್ದು 2300 ಮೆಗಾಹರ್ಟ್ಝ್‌ನಲ್ಲಿ. ಮಾರಿದವನು ಮಾತ್ರ "ಎಲ್ಲ ನೆಟ್‌ವರ್ಕ್‌ಗೂ ಆಗುತ್ತೆ ಸಾರ್" ಅಂತ ಅದೇ ರಾಗ.

ನೇರನೋಟ
ಬ್ಯಾಂಡ್ ನೋಡದೆ ಡಬ್ಬ ಕೊಂಡರೆ ಹೀಗೇ ಆಗೋದು. ನಾನು ಬೂಸ್ಟರ್ ಗೊಡವೆಗೇ ಹೋಗಲಿಲ್ಲ. ಸಿಮ್ ಹಾಕೋ 4ಜಿ ರೌಟರ್, ಅದಕ್ಕೆ ಎರಡು ಲಾಗ್ ಪೀರಿಯಾಡಿಕ್ (ಹಲವು ಬ್ಯಾಂಡ್ ಹಿಡಿಯೋ) ಆಂಟೆನಾ, ಒಂದನ್ನ ಎಡಕ್ಕೆ 45 ಡಿಗ್ರಿ, ಒಂದನ್ನ ಬಲಕ್ಕೆ 45 ಡಿಗ್ರಿ ವಾಲಿಸಿ ಕಟ್ಟಿದ್ದು. ಒಂದೇ ಆಂಟೆನಾ ಹಾಕಿದರೆ ಮೈಮೋ (ಎರಡು ಆಂಟೆನಾದಲ್ಲಿ ಒಟ್ಟಿಗೆ ಡೇಟಾ ಸಾಗಿಸೋದು) ಹೋಯಿತು, ವೇಗ ಅರ್ಧಕ್ಕೆ ಬೀಳುತ್ತೆ. ಯಾಗಿ (ಹಳೇ ಟಿವಿ ಆಂಟೆನಾ ತರದ ಕಡ್ಡಿ ಆಂಟೆನಾ) ಬೇಡ, ಅದು ಒಂದೇ ಬ್ಯಾಂಡಿಗೆ ಸರಿ. ಆರ್‌ಎಸ್‌ಆರ್‌ಪಿ (ಟವರ್ ಸಿಗ್ನಲ್ ಬಲ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೇದು) -112 ಇದ್ದದ್ದು -95ಕ್ಕೆ ಬಂತು, ಎಸ್‌ಐಎನ್‌ಆರ್ (ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲೆ ಅನ್ನೋ ಲೆಕ್ಕ) 2ರಿಂದ 13. ಕಡ್ಡಿ ಎಣಿಸೋರಿಗೆ ಇದು ಅರ್ಥ ಆಗಲ್ಲ ಬಿಡಿ, ಕಡ್ಡಿ ಅನ್ನೋದು ಒಂದೊಂದು ಫೋನಿನಲ್ಲಿ ಒಂದೊಂದು ಲೆಕ್ಕ. ತಾಪತ್ರಯ ಆಗಿದ್ದು ಆಂಟೆನಾ ಕೇಬಲ್ಲಿನ ಟಿಎಸ್9 ಅನ್ನೋ ಪುಟ್ಟ ಪಿನ್‌ನಿಂದ. ಕೇಬಲ್ ಭಾರಕ್ಕೆ ರೌಟರಿನ ಸಾಕೆಟ್ಟೇ ಕಿತ್ತು ಬಂತು. ಎರಡನೇ ರೌಟರನ್ನ ತಿರುಪಿ ಕೂರಿಸೋ ಎಸ್‌ಎಂಎ ಸಾಕೆಟ್ ಇರೋದೇ ನೋಡಿ ತಗೊಂಡೆ. ಕರೆಗಳು ವೈಫೈ ಕಾಲಿಂಗ್ (ಟವರ್ ಬದಲು ವೈಫೈ ಮೂಲಕ ಕರೆ) ಮೇಲೆ ಗಂಟೆ ಬಾರಿಸಿದ ಹಾಗೆ ಸ್ಪಷ್ಟ.

ಮೇಜಿನಂಚು
ವೈಫೈ ಕಾಲಿಂಗ್ ಎಲ್ಲರ ಫೋನಿಗೂ ಬರುತ್ತೆ ಅಂದುಕೊಂಡಿದ್ದೀರಾ? ನನ್ನ ಫೋನಿನಲ್ಲಿ ಆ ಆಯ್ಕೆಯೇ ಇಲ್ಲ. ನಾನು ಕರೆಂಟೇ ಇಲ್ಲದ ವ್ಯವಸ್ಥೆ ಮಾಡಿಕೊಂಡಿದ್ದೀನಿ: ಮೇಲೊಂದು ಯಾಗಿ, ಒಳಗೊಂದು ಪ್ಯಾನಲ್ (ಚಪ್ಪಟೆ ಆಂಟೆನಾ), ಮಧ್ಯೆ ಬೆರಳು ದಪ್ಪದ ಕೇಬಲ್. ಕೇಬಲ್ಲಿಗೇ ಹೋಯಿತು ಮುಕ್ಕಾಲು ದುಡ್ಡು. ಮೇಲೆ ಸಿಗ್ನಲ್ ಚೆನ್ನಾಗಿದ್ದರೆ ಮಾತ್ರ ಇದು ಸರಿ, ಅದೂ ಪ್ಯಾನಲ್ ಪಕ್ಕದಲ್ಲೇ. 1800ರಲ್ಲಿ ಮೊದಲ ಒಂದು ಮೀಟರಿನಲ್ಲೇ ಸಿಗ್ನಲ್ ಹರಡಿಕೊಂಡು 37 ಡಿಬಿ ಹೋಗುತ್ತೆ. ಅದಕ್ಕೇ ಫೋನನ್ನ ಪ್ಯಾನಲ್‌ಗೆ ಒರಗಿಸಿಟ್ಟು ಬ್ಲೂಟೂತ್‌ನಲ್ಲಿ ಮಾತಾಡ್ತೀನಿ. ಕೆಲಸ ನಡೀತಿದೆ.

ನೇರನೋಟ
ಅಷ್ಟು ದುಡ್ಡು ಸುರಿದು ಫೋನನ್ನ ಗೋಡೆಗೆ ಒರಗಿಸೋದಕ್ಕೆ ವ್ಯವಸ್ಥೆ ಅಂತೀರಾ ಮೇಡಂ?

ಮೇಜಿನಂಚು
ಸಾಕೆಟ್ ಕಿತ್ತುಕೊಂಡು ಎರಡೆರಡು ರೌಟರ್ ಕೊಂಡವರು ನನ್ನ ದುಡ್ಡಿನ ಚಿಂತೆ ಮಾಡಬೇಡಿ.

ಒಂಟಿಕಡ್ಡಿ
ನಮ್ಮ ಎರಡು ಫೋನಲ್ಲಿ ಒಂದು ಹಳೇ ಗುಂಡಿ ಫೋನು. ಅದಕ್ಕೆ ರೌಟರ್ ಹಾಕಿದರೆ ಉಪಯೋಗ ಇದೆಯಾ?

ನಿಯಮಪಾಲಕ
ಯಾರೂ ಹೇಳದ್ದನ್ನು ನಾನು ಹೇಳುತ್ತೇನೆ. ಭಾರತದಲ್ಲಿ ಪರವಾನಗಿ ಇಲ್ಲದೆ ಬೂಸ್ಟರ್ ಮಾರುವುದು, ಇಟ್ಟುಕೊಳ್ಳುವುದು, ಬಳಸುವುದು ಎಲ್ಲವೂ ಕಾನೂನುಬಾಹಿರ. ಅಮೆರಿಕದಲ್ಲಿ ಅಲ್ಲಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯ ಮಾನದಂಡಕ್ಕೆ ಒಪ್ಪುವ ಡಬ್ಬ ಮಾತ್ರ, ಅದನ್ನೂ ನೆಟ್‌ವರ್ಕ್ ಕಂಪನಿಯಲ್ಲಿ ನೋಂದಾಯಿಸಬೇಕು. ಕಾರಣ ಸರಳ: ಕೆಟ್ಟ ಡಬ್ಬ ನಿಮ್ಮ ಮಾತಿನ ಜೊತೆ ಗದ್ದಲವನ್ನೂ ಟವರಿಗೆ ಕಳಿಸುತ್ತದೆ, ಸುತ್ತಲಿನವರ ಕರೆಗಳೆಲ್ಲ ತುಂಡಾಗುತ್ತವೆ. ನಮ್ಮ ಬೀದಿ ಇಂಥದ್ದೊಂದು ಡಬ್ಬದಿಂದ ಸಾಕಷ್ಟು ಅನುಭವಿಸಿದೆ. ಹುಡುಕಿ ತೆಗೆಸುವವರೆಗೂ ಡಬ್ಬದ ಯಜಮಾನರು "ನಮ್ಮನೇಲಿ ಫುಲ್ ಸಿಗ್ನಲ್ ಇದೆಯಲ್ಲ" ಎನ್ನುತ್ತಿದ್ದರು.

ತಾರಸಿವಾಸಿ
ಕಾನೂನು ಹೇಳೋದು ಸುಲಭ ಸ್ವಾಮಿ. ಮಾರೋರನ್ನ ಬಿಟ್ಟು ಕೊಂಡೋರ ಮೇಲೆ ಬೀಳ್ತೀರಿ. ಅಂಗಡಿಯಲ್ಲಿ ರಾಜಾರೋಷವಾಗಿ ಇಟ್ಟಿರ್ತಾರೆ, ಬಿಲ್ಲೂ ಕೊಡ್ತಾರೆ.

ನಿಯಮಪಾಲಕ
ಬಿಲ್ಲು ಪರವಾನಗಿಯಲ್ಲ.

ಎಪ್ಪತ್ತೈದು ಓಮ್
ಕೇಬಲ್ಲಿಗೆ ಮುಕ್ಕಾಲು ದುಡ್ಡು ಅಂದ ಮೇಡಂ ಮಾತು ಓದಿ ನಗು ಬಂತು. ನಾನು ಹಾಕಿರೋದು ಟಿವಿ ಡಿಶ್‌ನ ಆರ್‌ಜಿ-6 ಕೇಬಲ್, ಹಳೇದೇ ಬಿದ್ದಿತ್ತು.

ನೇರನೋಟ
75 ಓಮ್ ಕೇಬಲನ್ನ 50 ಓಮ್ ಆಂಟೆನಾಗೆ! ಓಮ್ ಹೊಂದದಿದ್ದರೆ ಜೋಡಣೆಯಲ್ಲೇ ಸಿಗ್ನಲ್ ವಾಪಸ್ ಹೋಗುತ್ತೆ. ಮೊದಲು ಪಾಠ ಓದಿ ಬನ್ನಿ ಗುರು.

ಎಪ್ಪತ್ತೈದು ಓಮ್
ಓದಿಯೇ ಹೇಳ್ತಿದ್ದೀನಿ. ಆ ಹೊಂದಾಣಿಕೆ ತಪ್ಪಿದ್ದಕ್ಕೆ ಆಗೋ ನಷ್ಟ ಒಂದು ಜೋಡಣೆಗೆ 0.2 ಡಿಬಿಯೂ ಇಲ್ಲ. ನೀವೆಲ್ಲ "50 ಓಮ್, 50 ಓಮ್" ಅಂತ ಹಾಕೋ ಸಣ್ಣ ಆರ್‌ಜಿ-58 ಇದೆಯಲ್ಲ, ಅದು 1800ರಲ್ಲಿ ಹತ್ತು ಮೀಟರಿಗೆ 7 ಡಿಬಿ ಆಸುಪಾಸು ನುಂಗುತ್ತೆ. ಅಂದರೆ ಆಂಟೆನಾ ಹಿಡಿದಿದ್ದರಲ್ಲಿ ಐದನೇ ಒಂದು ಪಾಲು ಕೆಳಗೆ ಬರುತ್ತೆ. ಆರ್‌ಜಿ-6ರಲ್ಲಿ ಅದರ ಅರ್ಧದಷ್ಟೂ ಡಿಬಿ ಹೋಗಲ್ಲ. ಪುಸ್ತಕದ ಓಮ್ ಹಿಡಿದು ಸಿಗ್ನಲ್ ಕಳಕೊಳ್ಳೋದು ನಿಮ್ಮಿಷ್ಟ.

ನೇರನೋಟ
ಟಿವಿ ಕೇಬಲ್ಲಿನ ಎಫ್ ಕನೆಕ್ಟರ್, ಅದಕ್ಕೆ ಅಡಾಪ್ಟರ್, ಅಡಾಪ್ಟರಿಗೆ ಇನ್ನೊಂದು ಅಡಾಪ್ಟರ್. ಪ್ರತಿ ಜೋಡಣೆಯಲ್ಲೂ ನೀರು ಇಳಿಯುತ್ತೆ. ಒಂದು ಮಳೆಗಾಲ ಕಳೀಲಿ, ನೋಡೋಣ.

ಎಪ್ಪತ್ತೈದು ಓಮ್
ಸೆಲ್ಫ್ ಫ್ಯೂಸಿಂಗ್ (ತನಗೆ ತಾನೇ ಅಂಟಿಕೊಳ್ಳೋ) ಟೇಪ್ ಸುತ್ತಿದ್ದೀನಿ, ಮೇಲಿಂದ ಕೆಳಗೆ ಬಿಗಿಯಾಗಿ.

ಮೇಜಿನಂಚು
ಮೇಲಿಂದ ಕೆಳಗೆ ಸುತ್ತಿದರೆ ಪ್ರತಿ ಸುತ್ತಿನ ಅಂಚೂ ಮೇಲ್ಮುಖ ಆಗುತ್ತೆ, ನೀರು ಒಳಗೇ ನಿಲ್ಲುತ್ತೆ. ಕೆಳಗಿಂದ ಮೇಲಕ್ಕೆ ಸುತ್ತಬೇಕು. ಕೇಬಲ್ ಗೋಡೆ ತೂರೋ ಮುಂಚೆ ಕೆಳಗೊಂದು ಬಾಗು ಬಿಟ್ಟಿದ್ದೀರಾ, ಇಲ್ಲ ನೇರ ಒಳಗಾ?

ಎಪ್ಪತ್ತೈದು ಓಮ್
ಈ ವರ್ಷ ಒಂದು ಹನಿ ಇಳಿದಿಲ್ಲ.

ತಾರಸಿವಾಸಿ
ಮೊನ್ನೆ ನನ್ನ ಎನ್ ಕನೆಕ್ಟರ್ ಬಿಚ್ಚಿದೆ, ಒಳಗಿನ ತಾಮ್ರ ಪೂರ್ತಿ ಹಸಿರು. ಅದನ್ನೂ ಮೇಲಿಂದಲೇ ಸುತ್ತಿದ್ದ ಆ ಹುಡುಗ.

ಎಪ್ಪತ್ತೈದು ಓಮ್
ನಿಮ್ಮ ಹುಡುಗನಿಗೂ ನನಗೂ ಏನು ಸಂಬಂಧ ಸ್ವಾಮಿ? ಬೇಕಿದ್ದರೆ ಬಿಚ್ಚಿ ಫೋಟೋ ಹಾಕ್ತೀನಿ.

ಮೇಜಿನಂಚು
ಹಾಕಿ.