ಎಂಆರ್‌ಐ ವರದಿಯಲ್ಲಿ ‘ಸೂಕ್ಷ್ಮ ರಕ್ತನಾಳಗಳ ಕಾಯಿಲೆ’ ಎಂದಿದೆ: ಇದು ಮರೆಗುಳಿತನದ ಆರಂಭವೇ?

ತುಂಗಾತೀರ (ಪ್ರಶ್ನೆ):
ನಮ್ಮ ತಂದೆಯವರಿಗೆ 72 ವರ್ಷ. ರಕ್ತದೊತ್ತಡ ಬಹಳ ಕಾಲದಿಂದ ಇದೆ. ತೋಟದ ಕೆಲಸದ ಗಡಿಬಿಡಿಯಲ್ಲಿ ವಾರಗಟ್ಟಲೆ ಮಾತ್ರೆ ಬಿಟ್ಟಿದ್ದೂ ಉಂಟು. ಕಳೆದ ಒಂದು ವರ್ಷದಿಂದ ಅವರ ನಡಿಗೆ ನಿಧಾನವಾಗಿದ್ದು, ಪಾದ ಎತ್ತಿಡದೆ ಎಳೆದುಕೊಂಡು ನಡೆದಂತೆ ಕಾಣುತ್ತದೆ. ಅಡಿಕೆ ಮಂಡಿಯ ಲೆಕ್ಕವನ್ನು ಬಾಯಲ್ಲೇ ಹಾಕುತ್ತಿದ್ದವರು ಈಗ ಚೀಟಿ ಹಿಡಿದು ಅರ್ಧ ಗಂಟೆ ಕೂರುತ್ತಾರೆ, ಕೊನೆಗೆ ಉತ್ತರ ಸರಿಯಾಗಿಯೇ ಬರುತ್ತದೆ. ಹೆಸರು, ಮುಖ, ಹಳೆಯ ಸಂಗತಿ ಯಾವುದನ್ನೂ ಮರೆತಿಲ್ಲ. ವರದಿಯಲ್ಲಿ ಫಜೆಕಾಸ್ ದರ್ಜೆ 2 ಎಂದೂ ಎಡ ಥಲಾಮಸ್‌ನಲ್ಲಿ (ಮೆದುಳಿನ ಆಳದ ಒಂದು ಕೇಂದ್ರ) ಹಳೆಯ ಲ್ಯಾಕ್ಯೂನ್ ಇದೆಯೆಂದೂ ಬರೆದಿದ್ದಾರೆ. ಅವರಿಗೆ ಲಕ್ವ ಹೊಡೆದದ್ದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಇದು ಡಿಮೆನ್ಷಿಯಾವೇ? ಮಕ್ಕಳಾದ ನಮಗೂ ಬರಬಹುದೇ?

ನಿವೃತ್ತ ವೈದ್ಯ:
ಮೆದುಳಿನ ಬುಡದ ದೊಡ್ಡ ಅಪಧಮನಿಗಳಿಂದ ಕವಲೊಡೆದು ಆಳಕ್ಕೆ ಇಳಿಯುವ ನಾಳಗಳಲ್ಲಿ ಬಹುಪಾಲು ಅರ್ಧ ಮಿಲಿಮೀಟರಿಗೂ ಕಿರಿದಾಗಿರುತ್ತವೆ. ಅವುಗಳ ನಡುವೆ ಪರಸ್ಪರ ಜೋಡಣೆ ಇಲ್ಲವೆನ್ನುವಷ್ಟು ಕಡಿಮೆ. ಹೀಗಾಗಿ ಅವು ಪೋಷಿಸುವ ಜಾಗದ ಪಾಡು ನಾಲೆಯ ಕೊನೆಭಾಗದ ಗದ್ದೆಯಂತೆ: ಮೇಲೆ ಎಲ್ಲಿ ಅಡಚಣೆಯಾದರೂ ಒಣಗುವುದು ಅದೇ ಮೊದಲು. ವರ್ಷಾನುಗಟ್ಟಲೆ ಏರಿದ ರಕ್ತದೊತ್ತಡಕ್ಕೆ ಈ ನಾಳಗಳ ಗೋಡೆ ದಪ್ಪವಾಗಿ, ಗಡುಸಾಗಿ, ಒಳದಾರಿ ಕಿರಿದಾಗುತ್ತದೆ. ಒಂದು ನಾಳ ಪೂರ್ತಿ ಮುಚ್ಚಿಹೋದ ಜಾಗದಲ್ಲಿ ಉಳಿಯುವ, ಸುಮಾರು 3ರಿಂದ 15 ಮಿಲಿಮೀಟರ್ ಅಗಲದ ಗುಳಿಯೇ ಲ್ಯಾಕ್ಯೂನ್. ಕೈಕಾಲಿನ ಬಲಕ್ಕೆ ಸಂಬಂಧಿಸಿದ ತಂತುಗಳು ಅಲ್ಲಿ ಹಾದುಹೋಗದಿದ್ದರೆ ಯಾರ ಗಮನಕ್ಕೂ ಬಾರದೆ ಈ ಪುಟ್ಟ ಲಕ್ವ ಆಗಿಹೋಗಬಹುದು. ನಿಮ್ಮ ತಂದೆಯವರಲ್ಲಿ ಆಗಿರುವುದೂ ಅದೇ ಇರಬೇಕು.

ಫಜೆಕಾಸ್ ದರ್ಜೆಯು ಬಿಳಿ ದ್ರವ್ಯದ ಹಾನಿಯನ್ನು 0ರಿಂದ 3ರವರೆಗೆ ಅಳೆಯುತ್ತದೆ. 1 ಎಂದರೆ ಅಲ್ಲೊಂದು ಇಲ್ಲೊಂದು ಚುಕ್ಕೆ, 2 ಎಂದರೆ ಚುಕ್ಕೆಗಳು ಕೂಡಿಕೊಳ್ಳತೊಡಗಿವೆ, 3 ಎಂದರೆ ದೊಡ್ಡ ಹರವು. ಬಿಳಿ ದ್ರವ್ಯವು ಮೆದುಳಿನ ಮುಂಭಾಗವನ್ನು ಆಳದ ಕೇಂದ್ರಗಳಿಗೆ ಜೋಡಿಸುವ ತಂತುಗಳ ಜಾಲವಾದ್ದರಿಂದ, ಇಲ್ಲಿ ಮೊದಲು ಕುಂದುವುದು ನೆನಪಲ್ಲ, ಆಲೋಚನೆಯ ವೇಗ. ಯೋಜಿಸುವುದು, ಒಂದು ಕೆಲಸದಿಂದ ಇನ್ನೊಂದಕ್ಕೆ ಮನಸ್ಸು ಹೊರಳಿಸುವುದು ಕಷ್ಟವಾಗುತ್ತದೆ, ಉತ್ಸಾಹ ಇಳಿಯುತ್ತದೆ, ನಡಿಗೆ ಕೆಡುತ್ತದೆ. ಮಂಡಿಯ ಲೆಕ್ಕ ತಡವಾದರೂ ಸರಿಯಾಗಿ ಬರುತ್ತದೆ ಎಂದು ನೀವು ಬರೆದಿರುವುದು ಈ ಚಿತ್ರಕ್ಕೆ ಚೆನ್ನಾಗಿ ಹೊಂದುತ್ತದೆ.

ಆದರೆ ಸ್ಕ್ಯಾನ್ ನೋಡಿ ಡಿಮೆನ್ಷಿಯಾ ಎನ್ನಲಾಗದು. ಬುದ್ಧಿಶಕ್ತಿಯ ಕುಗ್ಗುವಿಕೆ ಪರೀಕ್ಷೆಯಲ್ಲಿ ಕಂಡು, ಹಣಕಾಸು, ಔಷಧ, ಓಡಾಟ ಮುಂತಾದ ದಿನನಿತ್ಯದ ಕೆಲಸಗಳಿಗೆ ಬೇರೆಯವರ ನೆರವು ಬೇಕಾದಾಗ ಮಾತ್ರ ಹಾಗೆನ್ನಬಹುದು. ಪರೀಕ್ಷೆಗೆ ಹೋದಾಗ ಮೂರು ಪದ ನೆನಪಿಟ್ಟು ಹೇಳಿಸಿ ಕಳುಹಿಸಿದರೆ ಒಪ್ಪಬೇಡಿ. ಗಡಿಯಾರ ಬಿಡಿಸುವ, ವೇಗ ಅಳೆಯುವ ಪರೀಕ್ಷೆಗಳೂ ಆಗಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ರೂಪಿಸಿದ ಪರೀಕ್ಷಾ ಸಾಮಗ್ರಿ ಕನ್ನಡದಲ್ಲಿಯೂ ಇದೆ.

ಹಳೇಪೇಟೆ:
ಅರವತ್ತು ದಾಟಿದ ಯಾರ ಮೆದುಳನ್ನು ಸ್ಕ್ಯಾನ್ ಮಾಡಿದರೂ ಇಂಥ ಬಿಳಿ ಚುಕ್ಕೆಗಳು ಕಾಣುತ್ತವೆ ಎಂದು ನಮ್ಮ ವೈದ್ಯರು ಹೇಳಿದ್ದರು. ತಲೆ ನರೆತಂತೆ ಇದೂ ವಯೋಸಹಜವಲ್ಲವೇ? ಮನೆಯವರನ್ನು ಇಷ್ಟು ಹೆದರಿಸುವ ಅಗತ್ಯವೇನಿದೆ?

ನಿವೃತ್ತ ವೈದ್ಯ:
ದರ್ಜೆ 1ಕ್ಕೆ ಆ ಮಾತು ಒಪ್ಪುತ್ತದೆ. ನಡಿಗೆಯೂ ಬದಲಾಗಿ, ಲ್ಯಾಕ್ಯೂನ್ ಕೂಡ ಇರುವಾಗ ಒಪ್ಪುವುದಿಲ್ಲ. ಅಮೆರಿಕದಲ್ಲಿ ಕ್ರೈಸ್ತ ಸನ್ಯಾಸಿನಿಯರ ಮೆದುಳನ್ನು ಮರಣಾನಂತರ ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಆಲ್ಝೈಮರ್‌ನ ಗುರುತುಗಳಿದ್ದ ಮೆದುಳುಗಳನ್ನೇ ಹೋಲಿಸಿದಾಗ, ಥಲಾಮಸ್ ಮತ್ತು ಅದರ ಸುತ್ತಲಿನ ಆಳದ ಭಾಗಗಳಲ್ಲಿ ಒಂದೆರಡು ಲ್ಯಾಕ್ಯೂನ್ ಇದ್ದವರಲ್ಲಿ ಬದುಕಿದ್ದಾಗ ಡಿಮೆನ್ಷಿಯಾ ಕಾಣಿಸಿಕೊಂಡದ್ದು ಬಹಳ ಹೆಚ್ಚು. ಇಳಿವಯಸ್ಸಿನಲ್ಲಿ ಈ ಎರಡು ಕಾಯಿಲೆಗಳು ಹೆಚ್ಚಾಗಿ ಜೊತೆಜೊತೆಯಾಗಿಯೇ ಇರುತ್ತವೆ. ಆಲ್ಝೈಮರ್‌ನ ಪಾಲನ್ನು ತಡೆಯಲು ನಮ್ಮ ಕೈಯಲ್ಲಿ ಹೆಚ್ಚೇನೂ ಇಲ್ಲ, ರಕ್ತನಾಳದ ಪಾಲನ್ನು ಕಡಿಮೆ ಮಾಡಲು ಇದೆ. ‘ವಯಸ್ಸಾಯಿತು, ಬಿಡಿ’ ಎಂದುಬಿಟ್ಟರೆ ಕೈಗೆಟುಕುವುದನ್ನೂ ಬಿಟ್ಟಂತಾಗುತ್ತದೆ.

ಔಷಧಶಾಸ್ತ್ರದ ಅಧ್ಯಾಪಕಿ:
ಚಿಕಿತ್ಸೆಯ ಬಗ್ಗೆ ಸೇರಿಸುತ್ತೇನೆ. ಆಗಿರುವ ಹಾನಿಯನ್ನು ಅಳಿಸುವ ಮಾತ್ರೆ ಇಲ್ಲ. 50 ದಾಟಿದ, ಮಧುಮೇಹವಿಲ್ಲದ 9,361 ಮಂದಿಯ ಮೇಲೆ ನಡೆದ ಸ್ಪ್ರಿಂಟ್ ಪ್ರಯೋಗದಲ್ಲಿ ಮೇಲಿನ ರಕ್ತದೊತ್ತಡವನ್ನು 140ರ ಬದಲು 120ಕ್ಕಿಂತ ಕೆಳಗೆ ಇಡಲು ಯತ್ನಿಸಿದಾಗ, ಬುದ್ಧಿಶಕ್ತಿಯ ಸೌಮ್ಯ ಕುಸಿತ ಸುಮಾರು ಶೇ. 19ರಷ್ಟು ಕಡಿಮೆಯಾಯಿತು, ಬಿಳಿ ದ್ರವ್ಯದ ಹಾನಿ ಹಬ್ಬುವುದೂ ನಿಧಾನವಾಯಿತು. ಡಿಮೆನ್ಷಿಯಾದ ವಿಷಯದಲ್ಲಿ ಮಾತ್ರ ವ್ಯತ್ಯಾಸ ಖಚಿತವಾಗಿ ಸಾಬೀತಾಗಲಿಲ್ಲ. ಪಾರ್ಶ್ವವಾಯು ಆದವರನ್ನು ಅದರಲ್ಲಿ ಸೇರಿಸಿಕೊಂಡಿರಲಿಲ್ಲವಾದ್ದರಿಂದ 120ರ ಗುರಿಯನ್ನು ಹಾಗೆಯೇ ನಿಮ್ಮ ತಂದೆಯವರಿಗೆ ಅನ್ವಯಿಸಬೇಡಿ. ಮಲಗಿದ್ದಾಗ ಮತ್ತು ಎದ್ದು ನಿಂತ ಮೂರು ನಿಮಿಷದೊಳಗೆ, ಎರಡೂ ಹೊತ್ತು ಒತ್ತಡ ಅಳೆದು, ಆ ಅಂಕಿಗಳನ್ನು ವೈದ್ಯರ ಮುಂದಿಡಿ. ನಿಂತಾಗ ಒತ್ತಡ ಕುಸಿಯುವವರು ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ.

ರಕ್ತ ತೆಳುವಾಗಲೆಂದು ಯಾರೋ ಹೇಳಿದ ಎರಡೆರಡು ಮಾತ್ರೆಗಳನ್ನು ಸ್ವಂತವಾಗಿ ಶುರುಮಾಡಬೇಡಿ. ಲ್ಯಾಕ್ಯೂನ್ ಬಗೆಯ ಪಾರ್ಶ್ವವಾಯು ಆದವರಿಗೇ ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ಅನ್ನು ದೀರ್ಘಕಾಲ ಕೊಟ್ಟು ನೋಡಿದ ಎಸ್‌ಪಿಎಸ್3 ಪ್ರಯೋಗದಲ್ಲಿ ಮತ್ತೆ ಲಕ್ವ ಬರುವುದು ಕಡಿಮೆಯಾಗಲಿಲ್ಲ, ರಕ್ತಸ್ರಾವ ಮತ್ತು ಸಾವು ಹೆಚ್ಚಾದವು. ಸ್ಕ್ಯಾನ್‌ನಲ್ಲಿ ಸೂಕ್ಷ್ಮ ರಕ್ತಸ್ರಾವದ ಕಲೆಗಳು ಇವೆಯೇ ಎಂಬುದನ್ನೂ ಕೇಳಿ ತಿಳಿದುಕೊಳ್ಳಿ.

ತುಂಗಾತೀರ:
ಇಬ್ಬರಿಗೂ ಧನ್ಯವಾದಗಳು. ಒಂದು ಸಂಗತಿ ಬಿಟ್ಟುಹೋಗಿತ್ತು. ಮೂತ್ರ ತಡೆಯಲಾಗುತ್ತಿಲ್ಲವೆಂದು ಆರು ತಿಂಗಳಿಂದ ಆಕ್ಸಿಬ್ಯುಟಿನಿನ್ ಮಾತ್ರೆ ನಡೆಯುತ್ತಿದೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಔಷಧಶಾಸ್ತ್ರದ ಅಧ್ಯಾಪಕಿ:
ಎರಡು ಬಗೆಯಲ್ಲಿದೆ. ಮೂತ್ರದ ಅವಸರ ಈ ಕಾಯಿಲೆಯದೇ ಲಕ್ಷಣವಾಗಿರಬಹುದು. ಆದರೆ ಆ ಮಾತ್ರೆ ಮೆದುಳಿನಲ್ಲಿ ನರಕೋಶಗಳ ನಡುವೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್‌ಗೆ ತಡೆಯೊಡ್ಡಿ, ವಯಸ್ಸಾದವರಲ್ಲಿ ಮಂಕು ಕವಿಸುತ್ತದೆ. ಬದಲಿ ಔಷಧದ ಬಗ್ಗೆ ಈ ವಾರವೇ ವೈದ್ಯರಲ್ಲಿ ಕೇಳಿ. ನಡಿಗೆ, ಮೂತ್ರ, ಆಲೋಚನೆ ಮೂರರ ತೊಂದರೆಯೂ ಒಟ್ಟಿಗೆ ಬಂದಾಗ ಮೆದುಳಿನ ಕುಹರಗಳಲ್ಲಿ ದ್ರವ ತುಂಬಿಕೊಳ್ಳುವ ಸ್ಥಿತಿಯೂ ಇರಬಹುದು. ಕೆಲವರಲ್ಲಿ ಅದು ಶಸ್ತ್ರಚಿಕಿತ್ಸೆಯಿಂದ ಸುಧಾರಿಸುವಂಥದ್ದು, ಆದ್ದರಿಂದ ನರರೋಗ ತಜ್ಞರು ಸ್ಕ್ಯಾನನ್ನು ಆ ದೃಷ್ಟಿಯಿಂದಲೂ ನೋಡಲಿ. ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಆಗಿರದಿದ್ದರೆ ಅವನ್ನೂ ಮಾಡಿಸಿ.

ನಿವೃತ್ತ ವೈದ್ಯ:
ಮಕ್ಕಳ ಬಗ್ಗೆ ಕೇಳಿದ್ದಿರಿ. ವಂಶದಲ್ಲಿ ಇಳಿದುಬರುವ ‘ಕಾಡಾಸಿಲ್’ ಎಂಬ ರೂಪವಿದೆ, 19ನೇ ವರ್ಣತಂತುವಿನ ನಾಚ್3 ಎಂಬ ಜೀನ್‌ನ ದೋಷ ಅದಕ್ಕೆ ಕಾರಣ. ಆದರೆ ಅಂಥ ಮನೆಗಳಲ್ಲಿ ಮೈಗ್ರೇನ್, ನಲವತ್ತು–ಐವತ್ತರ ಆಸುಪಾಸಿನಲ್ಲೇ ಲಕ್ವ, ಹೀಗೆ ತಲೆಮಾರಿನಿಂದ ತಲೆಮಾರಿಗೆ ಕಾಣುತ್ತದೆ. ನೀವು ಬರೆದಿರುವುದರಲ್ಲಿ ಅದರ ಸುಳಿವಿಲ್ಲ. ನಿಮಗೆ ಬರಬಹುದಾದ ಬಳುವಳಿ ರಕ್ತದೊತ್ತಡ. ನಲವತ್ತು ದಾಟಿರುವ ಮಕ್ಕಳೆಲ್ಲರೂ ತಂದೆಯವರ ಜೊತೆಗೇ ಹೋಗಿ ಅದನ್ನು ಅಳೆಸಿಕೊಳ್ಳಿ.