ಲಾಟರಿ ಹೊಡೆದ ಮಾತ್ರಕ್ಕೆ ಲೂಕಾನ ಲೆಕ್ಕ ಚುಕ್ತಾ ಆಗಲ್ಲ ಮಾವ

ಶ್ರೀಧರ ಮಾವ, ನಮಸ್ಕಾರ. ನಿಮ್ಮ ಮೆಸೇಜ್ ನೋಡಿದೆ. ಇದನ್ನೆಲ್ಲ ಬೆರಳಲ್ಲಿ ಒತ್ತುತ್ತಾ ಕೂತರೆ ರಾತ್ರಿಯಾಗುತ್ತದೆ, ಅದಕ್ಕೆ ಮಗಳ ಡ್ಯಾನ್ಸ್ ಕ್ಲಾಸಿನ ಹೊರಗೆ ಕಾರಲ್ಲಿ ಕೂತು ಮಾತಾಡಿಬಿಡುತ್ತಿದ್ದೇನೆ. ಉದ್ದ ಆಗುತ್ತದೆ. ಬೇಡ ಅನ್ನುವವರು ಮೇಲೆ ಹೋಗಿ, ಪದ್ಮತ್ತೆ ಗೃಹಪ್ರವೇಶದ ಫೋಟೋ ಹಾಕಿದ್ದಾರೆ, ಅದನ್ನು ನೋಡಿ.

ನೀವು ಕೇಳಿದ್ದು ಇಷ್ಟು. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ನಮ್ಮೂರ ಟೀಮ್ ಡಲ್ಲಾಸ್ ಮ್ಯಾವರಿಕ್ಸ್‌ನ ಜನರಲ್ ಮ್ಯಾನೇಜರ್ ನಿಕೋ ಹ್ಯಾರಿಸನ್‌ನನ್ನು 2025ರ ನವೆಂಬರ್ 11ರಂದು ಕೆಲಸದಿಂದ ತೆಗೆದರು. ಪಾಪ, ಯಾಕೆ? ಸ್ಟಾರ್ ಆಟಗಾರ ಲೂಕಾನನ್ನು ಬೇರೆ ಟೀಮಿಗೆ ಕೊಟ್ಟುಬಿಟ್ಟ ಅಂತ ಜನ ಬೈದರು, ಸರಿ. ಆದರೆ ಕೊಟ್ಟಿದ್ದಕ್ಕೇ ಟೀಮ್ ಸೋತಿತು, ಸೋತಿದ್ದಕ್ಕೇ, ಹೊಸ ಆಟಗಾರರನ್ನು ಮೊದಲು ಆರಿಸುವವರು ಯಾರು ಅಂತ ತೀರ್ಮಾನಿಸುವ ಲಾಟರಿಯಲ್ಲಿ ಕೂಪರ್ ಫ್ಲ್ಯಾಗ್ ಅನ್ನುವ ಹುಡುಗ ಸಿಕ್ಕಿದ. ಆಗಿದ್ದೆಲ್ಲ ಒಳ್ಳೆಯದಕ್ಕೇ ಅಲ್ವಾ? ಅಂತ. ಅದರ ಕೆಳಗೆ ಎಲ್ಲರೂ ಕೈಮುಗಿಯುವ ಎಮೋಜಿ ಬೇರೆ ಹಾಕಿದ್ದೀರಿ.

ನಾನು ಒಪ್ಪಲ್ಲ ಮಾವ. ನೀವು ಕಾಲೇಜ್ ಟೀಮಲ್ಲಿ ಆಡಿದವರು, ನಿಮಗೆ ಆಟ ಹೇಳಿಕೊಡಬೇಕಿಲ್ಲ. ಆದರೆ ಈ ಊರಲ್ಲಿ ಇದ್ದು ಆ ಸೀಸನ್ ನೋಡಿದವರಿಗೆ ಆ ಮಾತು ಗಂಟಲಲ್ಲಿ ಇಳಿಯಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿಂದಿನ ಕಥೆ. ಲೂಕಾ ಡಾನ್ಚಿಚ್ ಸ್ಲೊವೇನಿಯಾದ ಹುಡುಗ. 2018ರ ಡ್ರಾಫ್ಟಿನಲ್ಲಿ, ಅಂದರೆ ಟೀಮುಗಳು ಸರದಿ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಬಂದ. 2023-24ರಲ್ಲಿ ಒಂದು ಮ್ಯಾಚಿಗೆ ಸರಾಸರಿ 33.9 ಪಾಯಿಂಟ್ ಹೊಡೆದು ಇಡೀ ಎನ್‌ಬಿಎಗೆ ಮೊದಲಿಗನಾದ. ಅದೇ ಸೀಸನ್ ಟೀಮನ್ನು ಫೈನಲ್‌ಗೆ ಕರೆದುಕೊಂಡು ಹೋದ. ಅಲ್ಲಿ ಬಾಸ್ಟನ್ 4-1ರಲ್ಲಿ ಹೊಡೆಯಿತು, ಅದು ಬೇರೆ ಮಾತು. ಇಲ್ಲಿನ ಜನ ಡರ್ಕ್ ನೊವಿಟ್ಸ್ಕಿಯನ್ನು 21 ಸೀಸನ್ ಒಂದೇ ಜೆರ್ಸಿಯಲ್ಲಿ ನೋಡಿದವರು. ಅವನೇ 2011ರಲ್ಲಿ ಕಪ್ ತಂದುಕೊಟ್ಟಿದ್ದ. ಅವನಾದ ಮೇಲೆ ಲೂಕಾ, ಇವನೂ ಇಲ್ಲೇ ಆಡಿ ಇಲ್ಲೇ ರಿಟೈರ್ ಆಗುತ್ತಾನೆ ಅಂತ ಎಲ್ಲರೂ ಮನಸ್ಸಲ್ಲೇ ಬರೆದುಕೊಂಡುಬಿಟ್ಟಿದ್ದರು.

2025ರ ಫೆಬ್ರವರಿ 1, ಶನಿವಾರ ರಾತ್ರಿ. ಎಲ್ಲರೂ ಮಲಗುವ ಹೊತ್ತು. ಲೂಕಾನನ್ನು ಲಾಸ್ ಏಂಜಲೀಸ್ ಲೇಕರ್ಸ್‌ಗೆ ಕೊಟ್ಟಾಯ್ತು, ಬದಲಿಗೆ ಆಂಥೋನಿ ಡೇವಿಸ್, ಮ್ಯಾಕ್ಸ್ ಕ್ರಿಸ್ಟಿ, ಜೊತೆಗೆ ಲೇಕರ್ಸ್‌ನ 2029ರ ಒಂದು ಫಸ್ಟ್ ರೌಂಡ್ ಪಿಕ್ (ಡ್ರಾಫ್ಟಿನ ಮೊದಲ ಸುತ್ತಲ್ಲಿ ಒಬ್ಬನನ್ನು ಆರಿಸುವ ಹಕ್ಕು) ಅಂತ ಸುದ್ದಿ ಬಂತು. ಸುದ್ದಿ ಹಾಕಿದ ಪತ್ರಕರ್ತನ ಅಕೌಂಟನ್ನೇ ಯಾರೋ ಹ್ಯಾಕ್ ಮಾಡಿದ್ದಾರೆ ಅಂತ ಜನ ಅಂದುಕೊಂಡರು. ನಾನೂ ಹಾಗೇ ಅಂದುಕೊಂಡು ಫೋನ್ ಮಗುಚಿಟ್ಟೆ. ಮಾರನೇ ದಿನ ನೋಡಿದರೆ ಅರೀನಾ ಮುಂದಿನ ಡರ್ಕ್ ಪ್ರತಿಮೆಯ ಹತ್ತಿರ ಅಭಿಮಾನಿಗಳು ಶವಪೆಟ್ಟಿಗೆ ತಂದು ಇಟ್ಟಿದ್ದರು. ಅದೇ ದಿನ ಟೀಮ್ ಕ್ಲೀವ್‌ಲ್ಯಾಂಡಿಗೆ ಹೋಗಿ 144-101ರಲ್ಲಿ ಸೋತು ಬಂತು.

ಹ್ಯಾರಿಸನ್ ಕಡೆಯ ವಾದವನ್ನೂ ಹೇಳಬೇಕು, ಇಲ್ಲದಿದ್ದರೆ ಒಮ್ಮುಖ ಆಗುತ್ತದೆ. ಕಪ್ ಗೆಲ್ಲಿಸುವುದು ಡಿಫೆನ್ಸ್, ಲೂಕಾ ಡಿಫೆನ್ಸ್‌ನಲ್ಲಿ ಸೋಮಾರಿ, ಮೈ ಬೆಳೆಸಿಕೊಂಡಿದ್ದಾನೆ, ಮೀನಖಂಡದ ನೋವಿಗೆ ಕ್ರಿಸ್‌ಮಸ್ ದಿನದಿಂದ ಹೊರಗೆ ಕೂತಿದ್ದಾನೆ. ಅಷ್ಟರ ಮೇಲೆ ಬೇಸಿಗೆಯಲ್ಲಿ 5 ವರ್ಷಕ್ಕೆ ಸುಮಾರು 34.5 ಕೋಟಿ ಡಾಲರ್ ಕಾಂಟ್ರ್ಯಾಕ್ಟ್ ಕೊಡಬೇಕಾಗಿ ಬರುತ್ತದೆ. ಡೇವಿಸ್ ಒಳ್ಳೆಯ ಆಟಗಾರನೇ, ಡಿಫೆನ್ಸ್‌ನಲ್ಲಿ ಅವನಂಥವರು ಕಮ್ಮಿ. ಇದೆಲ್ಲ ಪೂರ್ತಿ ಹುರುಳಿಲ್ಲದ ಮಾತು ಅಂತ ನಾನು ಹೇಳಲ್ಲ. ಆದರೆ ಲೂಕಾನಿಗೆ ಆಗ 25 ವರ್ಷ. ಡೇವಿಸ್‌ಗೆ 32 ಹತ್ತಿರ, ಅದರಲ್ಲೂ ಪದೇ ಪದೇ ಪೆಟ್ಟು ಮಾಡಿಕೊಳ್ಳುವವನು.

ನನಗೆ ನಿಜಕ್ಕೂ ಹೊಟ್ಟೆ ಉರಿಯುವುದು ಕೊಟ್ಟಿದ್ದಕ್ಕಲ್ಲ, ಕೊಟ್ಟ ರೀತಿಗೆ. ಹ್ಯಾರಿಸನ್ ಮತ್ತು ಲೇಕರ್ಸ್ ಮ್ಯಾನೇಜರ್ ರಾಬ್ ಪೆಲಿಂಕಾ ಹಳೇ ಪರಿಚಯದವರು. ಜನವರಿಯಲ್ಲಿ ಇಲ್ಲೇ ಡಲ್ಲಾಸ್‌ನಲ್ಲಿ ಕಾಫಿ ಕುಡಿಯುತ್ತಾ ಮಾತು ಶುರು ಮಾಡಿದರು. ಬೇರೆ ಟೀಮುಗಳ ಕಿವಿಗೆ ಹಾಕಲೇ ಇಲ್ಲ. ಲೂಕಾನಿಗೂ ಹೇಳಲಿಲ್ಲ. ಮಾವ, ನೀವು ಅಡಿಕೆಯನ್ನು ಮಂಡಿಗೆ ಒಯ್ಯದೆ, ಟೆಂಡರ್ ನೋಡದೆ, ಪರಿಚಯದ ಒಬ್ಬನೇ ವ್ಯಾಪಾರಿಯನ್ನು ಜಗುಲಿ ಮೇಲೆ ಕೂರಿಸಿಕೊಂಡು ಅವನು ಹೇಳಿದ ದರಕ್ಕೆ ವರ್ಷದ ಬೆಳೆಯನ್ನೆಲ್ಲ ತೂಗಿಕೊಡುತ್ತೀರಾ? ಕೊಟ್ಟರೆ ಅತ್ತೆ ಬಿಡುತ್ತಾರಾ?

ದರ ಎಷ್ಟಿತ್ತು ಅಂತ ಗೊತ್ತಾಗಬೇಕಾದರೆ ಹಿಂದಿನ ಬೇಸಿಗೆ ನೋಡಿ. ಲೀಗಿನ ಅತ್ಯುತ್ತಮರು ಆಡುವ ಆಲ್ ಸ್ಟಾರ್ ಮ್ಯಾಚಿಗೆ ಆವರೆಗೆ ಒಮ್ಮೆಯೂ ಆಯ್ಕೆಯಾಗದ ಮಿಕಲ್ ಬ್ರಿಡ್ಜಸ್ ಅನ್ನುವ ಆಟಗಾರನಿಗೆ ನ್ಯೂಯಾರ್ಕ್ 2024ರಲ್ಲಿ 5 ಫಸ್ಟ್ ರೌಂಡ್ ಪಿಕ್ ಕೊಟ್ಟಿತ್ತು. ಲೂಕಾನಿಗೆ ಡೇವಿಸ್ ಜೊತೆ ಬಂದಿದ್ದು ಒಂದೇ ಒಂದು. ಅದೂ 2029ಕ್ಕೆ. ಆ ವರ್ಷದ ನಮ್ಮ ಸ್ವಂತ ಪಿಕ್ಕನ್ನು ಇನ್ನೊಬ್ಬ ಸ್ಟಾರ್ ಕೈರಿ ಅರ್ವಿಂಗ್‌ನನ್ನು ತರಲು ಆಗಲೇ ಕೊಟ್ಟಾಗಿತ್ತು. ಮುಂದಿನ ವರ್ಷಗಳಿಗೆ ಏನೂ ಕೂಡಿಡದ ಟೀಮ್, ಕೈಲಿದ್ದ ದೊಡ್ಡ ಆಸ್ತಿಯನ್ನು ಹೀಗೆ ಕೈಬಿಟ್ಟಿತು.

ಇನ್ನು ಸೀಸನ್. ಟ್ರೇಡ್, ಅಂದರೆ ಈ ಆಟಗಾರರ ಅದಲುಬದಲು, ಆದಾಗ ಲೆಕ್ಕ 26 ಗೆಲುವು, 23 ಸೋಲು. ಲೂಕಾ ಗಾಯಗೊಂಡು ಕೂತಿದ್ದರೂ ಅಷ್ಟು. ಆಮೇಲಿನದು 13 ಗೆಲುವು, 20 ಸೋಲು. ಅಂಕಿ ಇಷ್ಟೇ, ಆದರೆ ಅದರೊಳಗೆ ಏನೇನಾಯ್ತು ಕೇಳಿ.

ಫೆಬ್ರವರಿ 8, ಟ್ರೇಡ್ ಆದ ಮೇಲೆ ಊರಲ್ಲಿ ಮೊದಲ ಮ್ಯಾಚ್, ಹ್ಯೂಸ್ಟನ್ ಮೇಲೆ. ಹೊರಗೆ ಧರಣಿ, ಒಳಗೆ ನಿಕೋನನ್ನು ತೆಗೆಯಿರಿ ಅಂತ ಕೂಗು. ಆದರೆ ಡೇವಿಸ್ ಇಳಿದ ಕೂಡಲೇ ಆಟ ಹೇಗಿತ್ತು ಅಂದರೆ, ಬೈಯಲು ಬಂದವರೇ ಚಪ್ಪಾಳೆ ಹೊಡೆದರು. 26 ಪಾಯಿಂಟ್, 16 ರಿಬೌಂಡ್ (ಗುರಿ ತಪ್ಪಿದ ಬಾಲ್ ಹಿಡಿಯುವುದು), 3 ಬ್ಲಾಕ್ (ಎದುರಾಳಿಯ ಎಸೆತ ತಡೆಯುವುದು). ನಮ್ಮ ಮನೆಯಲ್ಲೂ, ಹೋಗಲಿ ಬಿಡು, ಇದೂ ಆಗಬಹುದೇನೋ ಅನ್ನುವ ಮಾತು ಬಂತು. ಮೂರನೇ ಕ್ವಾರ್ಟರಿನಲ್ಲಿ ಅವನು ತೊಡೆಸಂದು ಹಿಡಿದುಕೊಂಡು ಒಳಗೆ ನಡೆದ. ಮತ್ತೆ ಬಂದಿದ್ದು ಮಾರ್ಚ್ ಕೊನೆಗೆ. ಆ ಸೀಸನ್ ಪೂರ್ತಿ ನಮ್ಮ ಪರವಾಗಿ ಅವನು ಆಡಿದ ಲೀಗ್ ಮ್ಯಾಚು ಒಂಬತ್ತೇ.

ಆಮೇಲೆ ಮಾರ್ಚ್ 3. ಸ್ಯಾಕ್ರಮೆಂಟೊ ಮೇಲೆ ಮ್ಯಾಚ್, ಮೊದಲ ಕ್ವಾರ್ಟರ್. ಕೈರಿ ಬಾಸ್ಕೆಟ್ ಕಡೆ ನುಗ್ಗಿದ, ಫೌಲ್ ಆಯ್ತು, ಕಾಲು ಊರಿದಾಗ ಎಡ ಮಂಡಿ ತಿರುಚಿಕೊಂಡಿತು. ನೆಲದ ಮೇಲೆ ಮಂಡಿ ಹಿಡಿದು ಒದ್ದಾಡಿದ. ಇನ್ನು ಸ್ಟ್ರೆಚರ್ ತರುತ್ತಾರೆ ಅಂದುಕೊಂಡೆ. ಅವನು ಜೊತೆಯವರ ಹೆಗಲು ಹಿಡಿದು ಎದ್ದು, ಕಣ್ಣೀರು ಸುರಿಸುತ್ತಲೇ ಫೌಲ್‌ಗೆ ಸಿಗುವ ಫ್ರೀ ಥ್ರೋ ಎಸೆಯಲು ಗೆರೆಗೆ ಬಂದು ನಿಂತ. ಎರಡನ್ನೂ ಹಾಕಿದ. ಆಮೇಲೆ ಒಳಗೆ ಹೋದ. ಲಿಗಮೆಂಟ್ ಹರಿದಿತ್ತು, ಅಲ್ಲಿಗೆ ಅವನ ಸೀಸನ್ ಮುಗಿಯಿತು. ನೀವು ಆಡಿದವರು ಮಾವ, ಸರಿಯಾದ ಮಂಡಿಯಲ್ಲೇ ಫ್ರೀ ಥ್ರೋ ಹೊತ್ತಿಗೆ ಕಾಲು ಹೇಗೆ ನಡುಗುತ್ತದೆ ಅಂತ ನಿಮಗೆ ಗೊತ್ತು.

ಲೂಕಾ ಹೋದ ಮೇಲೆ ಬಾಲ್ ಹಿಡಿದು ಆಟ ಕಟ್ಟುವವನು ಕೈರಿ ಒಬ್ಬನೇ ಉಳಿದಿದ್ದ. ಇದನ್ನು ಬರೀ ದುರದೃಷ್ಟ ಅಂತ ತಳ್ಳಿಹಾಕಲು ನಾನು ತಯಾರಿಲ್ಲ. ಇಬ್ಬರು ಹೊರುತ್ತಿದ್ದ ಭಾರವನ್ನು ಮೂವತ್ತೆರಡು ದಾಟಿದ ಒಬ್ಬನ ಮೇಲೆ ಹೊರಿಸಿದರೆ ಏನಾಗಬಹುದು ಅಂತ ಯೋಚನೆ ಮಾಡಬೇಕಾದ್ದು ಆ ಮ್ಯಾನೇಜರನ ಕೆಲಸ. ದೊಡ್ಡ ಆಳು ಡೇರಿಕ್ ಲೈವ್ಲಿ, ಡ್ಯಾನಿಯಲ್ ಗ್ಯಾಫರ್ಡ್ ಇಬ್ಬರೂ ಆಗ ಗಾಯದಿಂದ ಹೊರಗೆ. ಎನ್‌ಬಿಎ ರೂಲ್ ಪ್ರಕಾರ ಆಡಲು ಕನಿಷ್ಠ 8 ಜನ ತಯಾರಿರಬೇಕು. ಮಾರ್ಚಿನಲ್ಲಿ ಇಲ್ಲಿ ಆ 8 ಜನರನ್ನು ಎಣಿಸುವುದೇ ಕೆಲಸವಾಯ್ತು. ಹೊಸಬರನ್ನು ತರೋಣ ಅಂದರೆ ಟೀಮಿನ ಒಟ್ಟು ಸಂಬಳಕ್ಕೆ ಲೀಗ್ ಹಾಕಿರುವ ಮಿತಿ ಕುತ್ತಿಗೆವರೆಗೆ ಬಂದಿತ್ತು. ಕೋಟಿಗಟ್ಟಲೆ ಡಾಲರಿನ ಟೀಮ್, ಬೆಂಚಿನಲ್ಲಿ ಕೂರಲು ಜನ ಇಲ್ಲ!

ಏಪ್ರಿಲ್ 9 ಬಂತು. ಲೂಕಾ ಲೇಕರ್ಸ್ ಜೆರ್ಸಿ ಹಾಕಿಕೊಂಡು ಡಲ್ಲಾಸಿಗೆ ಬಂದ ದಿನ. ಟಿಕೆಟ್ ರೇಟ್ ಕೇಳಿ ಸುಮ್ನೆ ಟಿವಿ ಮುಂದೆ ಕೂತೆವು. ಸೀಟು ಸೀಟಿನ ಮೇಲೂ ಅವನ ಭಾಷೆಯಲ್ಲೇ ಥ್ಯಾಂಕ್ಸ್ ಬರೆದ ಟಿ-ಶರ್ಟ್ ಇಟ್ಟಿದ್ದರು. ಆಟಕ್ಕೆ ಮುಂಚೆ ಅವನ ಹಳೇ ಆಟದ ವಿಡಿಯೋ ಹಾಕಿದರು. ಅವನು ಬೆಂಚಲ್ಲಿ ಕೂತು ನೋಡುತ್ತಿದ್ದ. ಮೊದಲು ತುಟಿ ಕಚ್ಚಿಕೊಂಡ, ಮೇಲೆ ನೋಡಿದ, ಆಗಲಿಲ್ಲ. ಟವೆಲ್ ತೆಗೆದು ಮುಖ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ಅಷ್ಟು ಅತ್ತವನು ಹೇಗೆ ಆಡುತ್ತಾನೆ ಅಂದುಕೊಂಡರೆ 45 ಪಾಯಿಂಟ್ ಹೊಡೆದ. ಎದುರು ಟೀಮಿನವನು ಬಾಸ್ಕೆಟ್ ಹಾಕಿದರೆ ನಮ್ಮೂರ ಜನ ಎದ್ದು ನಿಂತು ಕೂಗುತ್ತಿದ್ದರು. ಲೇಕರ್ಸ್ 112-97ಕ್ಕೆ ಗೆದ್ದಿತು, ಯಾರಿಗೂ ಬೇಜಾರಿದ್ದಂತೆ ಕಾಣಲಿಲ್ಲ. ಸ್ವಂತ ಊರಲ್ಲಿ ಟೀಮ್ ಪರದೇಶಿಯಾದ ರಾತ್ರಿ ಅದು. ಆ ಹುಡುಗರದೇನು ತಪ್ಪು ಹೇಳಿ, ಕ್ಲೇ ಥಾಂಪ್ಸನ್‌ನಂಥವನು ಲೂಕಾ ಜೊತೆ ಆಡೋಣ ಅಂತಲೇ ಇಲ್ಲಿಗೆ ಬಂದಿದ್ದ.

ಹಾಗೂ ಹೀಗೂ 39-43ರಲ್ಲಿ ಹತ್ತನೇ ಜಾಗ ಹಿಡಿದು, ಕಪ್ಪಿನ ನಾಕೌಟ್ ಸುತ್ತಾದ ಪ್ಲೇಆಫ್‌ಗೆ ಕೊನೆಯ ಜಾಗಗಳನ್ನು ತೀರ್ಮಾನಿಸುವ ಪ್ಲೇ-ಇನ್‌ಗೆ ಹೋದೆವು. ಸ್ಯಾಕ್ರಮೆಂಟೊದಲ್ಲಿ 120-106ಕ್ಕೆ ಗೆದ್ದೆವು. ಎರಡು ದಿನ ಬಿಟ್ಟು ಮೆಂಫಿಸ್‌ನಲ್ಲಿ ಅದೇ 120-106ಕ್ಕೆ ಸೋತೆವು. ಆ ಮ್ಯಾಚಲ್ಲಿ ಡೇವಿಸ್ 40 ಪಾಯಿಂಟ್ ಹೊಡೆದಿದ್ದ, ಪಾಪ.

ಈಗ ನಿಮ್ಮ ಲಾಟರಿಗೆ ಬರುತ್ತೇನೆ. ಪ್ಲೇಆಫ್‌ಗೆ ಹೋಗದ 14 ಟೀಮುಗಳಿಗೆ ಲಾಟರಿ. ಒಂದರಿಂದ ಹದಿನಾಲ್ಕು ನಂಬರಿನ ಚೆಂಡುಗಳಲ್ಲಿ ನಾಲ್ಕನ್ನು ತೆಗೆಯುತ್ತಾರೆ. ಹಾಗೆ ಬರಬಹುದಾದ ಜೋಡಣೆಗಳಲ್ಲಿ 1000ವನ್ನು ಟೀಮುಗಳಿಗೆ ಹಂಚಿರುತ್ತಾರೆ. ಕೆಟ್ಟದಾಗಿ ಆಡಿದವರಿಗೆ ಜಾಸ್ತಿ, ಸುಮಾರಾಗಿ ಆಡಿದವರಿಗೆ ಕಮ್ಮಿ. ನಮ್ಮ ಪಾಲಿಗೆ ಬಂದಿದ್ದು 18. ಅಂದರೆ ನೂರಕ್ಕೆ 1.8. ಮೇ 12ರಂದು ಅದೇ ಬಿತ್ತು. ಇದೇನೋ ಒಳಗೊಳಗೇ ಮಾಡಿದ ಪರಿಹಾರ ಅಂತ ಇಲ್ಲಿ ಅರ್ಧ ಊರು ಗುಸುಗುಸು ಮಾಡಿತು. ಚೆಂಡು ತೆಗೆಯುವ ಕೋಣೆಯಲ್ಲಿ ಆಡಿಟರ್, ಪತ್ರಕರ್ತರು, ಬೇರೆ ಟೀಮಿನವರು ಎಲ್ಲ ಕೂತಿರುತ್ತಾರೆ, ನನಗೆ ಆ ಮಾತಲ್ಲಿ ನಂಬಿಕೆ ಇಲ್ಲ.

ಆದರೆ ಮಾವ, ಒಂದು ಗಮನಿಸಿ. ಮೆಂಫಿಸ್‌ನಲ್ಲಿ ಡೇವಿಸ್‌ನ ಆ 40 ಪಾಯಿಂಟ್ ಸಾಕಾಗಿ ಗೆದ್ದುಬಿಟ್ಟಿದ್ದರೆ ನಾವು ಪ್ಲೇಆಫ್‌ನಲ್ಲಿ ಇರುತ್ತಿದ್ದೆವು. ಲಾಟರಿಯೇ ಇಲ್ಲ, ಫ್ಲ್ಯಾಗೂ ಇಲ್ಲ. ಹ್ಯಾರಿಸನ್ ಬಯಸಿದ್ದು ಗೆಲುವು. ಈಗಲೇ ಕಪ್ ಬೇಕು ಅಂತಲೇ 25ರವನನ್ನು ಕೊಟ್ಟು ವಯಸ್ಸಾದವನನ್ನು ತಂದಿದ್ದು. ಅವನ ಪ್ಲ್ಯಾನ್ ಫಲಿಸಿದ್ದರೆ ಫ್ಲ್ಯಾಗ್ ಇಲ್ಲಿಗೆ ಬರುತ್ತಲೇ ಇರಲಿಲ್ಲ. ಪ್ಲ್ಯಾನ್ ಮಣ್ಣುಪಾಲಾದ ಮೇಲೆ, ನೂರಕ್ಕೆ ಎರಡೂ ಇಲ್ಲದ ಅದೃಷ್ಟ ಖುಲಾಯಿಸಿದ್ದನ್ನು ಅವನ ಖಾತೆಗೆ ಹೇಗೆ ಜಮಾ ಮಾಡುತ್ತೀರಿ? ಉಳಿದ 982 ಬಿದ್ದಿದ್ದರೆ ಆಗಲೂ ಒಳ್ಳೆಯದಕ್ಕೇ ಅನ್ನುತ್ತಿದ್ದಿರಾ?

ಫ್ಲ್ಯಾಗ್ ಬಗ್ಗೆ ನನಗೆ ತಕರಾರಿಲ್ಲ. ಮೇನ್ ರಾಜ್ಯದ ಸಣ್ಣ ಊರಿನವನು, ಡ್ಯೂಕ್ ಯೂನಿವರ್ಸಿಟಿಯಲ್ಲಿ ಒಂದೇ ವರ್ಷ ಆಡಿ ಬಂದ, ಆಗ ಇನ್ನೂ 19 ತುಂಬಿರಲಿಲ್ಲ. ಕೈರಿ ಇಲ್ಲದ್ದಕ್ಕೆ ಕೋಚ್ ಜೇಸನ್ ಕಿಡ್ ಅವನ ಕೈಗೇ ಬಾಲ್ ಕೊಟ್ಟು ಆಟ ಕಟ್ಟುವ ಪಾಯಿಂಟ್ ಗಾರ್ಡ್ ಮಾಡಿದರು. ಆರಡಿ ಒಂಬತ್ತಿಂಚಿನ ಹುಡುಗ, ಮೊದಲ ಮ್ಯಾಚಲ್ಲೇ ಸ್ಯಾನ್ ಆಂಟೋನಿಯೊ 125-92ರಲ್ಲಿ ತೊಳೆದುಹಾಕಿತು. ಲೂಕಾನ ಮೀನಖಂಡ ಸರಿಯಿಲ್ಲ ಅಂದಿದ್ದರಲ್ಲ, ಅಕ್ಟೋಬರ್ ಕೊನೆಗೆ ಡೇವಿಸ್‌ಗೂ ಅದೇ ಮೀನಖಂಡ! ಸೀಸನ್ 3-8 ಆಗಿ, ಅರೀನಾದಲ್ಲಿ ಮತ್ತೆ ಅದೇ ಕೂಗು ಎದ್ದ ಮೇಲೆ ಮಾಲೀಕರು ಹ್ಯಾರಿಸನ್‌ನನ್ನು ಕಳಿಸಿದರು. ಟ್ರೇಡ್ ಆಗಿ ಒಂಬತ್ತು ತಿಂಗಳು ಕಳೆದಿತ್ತು. ಆ ಮಾಲೀಕರೇ ಟ್ರೇಡ್‌ಗೆ ಸಹಿ ಹಾಕಿದ್ದು ಅನ್ನುವುದನ್ನು ಮಾತ್ರ ಯಾರೂ ಜಾಸ್ತಿ ಎತ್ತುತ್ತಿಲ್ಲ, ನನಗೆ ಅದು ಇನ್ನೂ ಸಿಟ್ಟು.

ಅತ್ತ ಲೂಕಾ ಏನು ಕಪ್ ಎತ್ತಿಬಿಡಲಿಲ್ಲ. ಲೇಕರ್ಸ್ ಮೊದಲ ಸುತ್ತಲ್ಲೇ ಮಿನೆಸೋಟಾ ಕೈಲಿ 4-1ಕ್ಕೆ ಔಟ್. ಹಾಗಾಗಿ ಅವರು ಗೆದ್ದರು, ನಾವು ಸೋತೆವು ಅಂತ ಅಲ್ಲ ನಾನು ಹೇಳುತ್ತಿರುವುದು. ಆದರೆ ಬೇಸಿಗೆಯಲ್ಲಿ ಮೈ ಇಳಿಸಿಕೊಂಡು ಬಂದಿದ್ದಾನೆ, ಅವರ ಜೊತೆ 3 ವರ್ಷಕ್ಕೆ 16.5 ಕೋಟಿ ಡಾಲರಿಗೆ ಸಹಿಯನ್ನೂ ಹಾಕಿದ್ದಾನೆ. ಇನ್ನು ವಾಪಸ್ ಬರುವ ಮಾತಿಲ್ಲ.

ನೀವೂ ಅತ್ತೆಯೂ ಇಲ್ಲಿಗೆ ಬಂದಾಗ ಒಂದು ಮ್ಯಾಚ್ ನೋಡೇ ನೋಡೋಣ. ಲೂಕಾ ಬರುವ ಮ್ಯಾಚ್ ಬೇಕಾ, ಫ್ಲ್ಯಾಗ್ ಯಾರ ಮೇಲಾದರೂ ಆಡುವ ಮಾಮೂಲಿ ಮ್ಯಾಚ್ ಸಾಕಾ ಅಂತ ಈಗಲೇ ಹೇಳಿ. ಮೊದಲನೆಯದರ ರೇಟನ್ನು ಗ್ರೂಪಲ್ಲಿ ಹಾಕಲ್ಲ, ಅತ್ತೆ ಓದುತ್ತಾರೆ. ಬೇರೆಯಾಗಿ ಕಳಿಸುತ್ತೇನೆ.